ನಾಲ್ಕು ಬೆರಳು ಹಸಿ

ಲೆಸೊಥೊದ ಮಾಲುಟಿ ಬೆಟ್ಟದ ಮೇಲೆ
ಅಕ್ಟೋಬರಿನ ಮೊದಲ ಮಳೆ ಬಂದು ಹೋಗಿ ಆರು ದಿನ.
ಇಳಿಜಾರೆಲ್ಲ ಚಿಗುರಿತು ಎಂದು ಊರು ಹೇಳುತ್ತಿದೆ.
ನಾನು ನಂಬುವುದಿಲ್ಲ.
ನನ್ನ ಬಳಿ ಹೆಣಿಗೆಯ ಕಡ್ಡಿಯಿದೆ, ಕಬ್ಬಿಣದ್ದು,
ತೀರಿಕೊಂಡ ಅತ್ತೆಯದು.
ತುದಿಯಿಂದ ಮೇಲಕ್ಕೆ ಕೆಂಪು ಉಗುರುಬಣ್ಣದಲ್ಲಿ
ಗೆರೆ ಎಳೆದಿದ್ದೇನೆ:
ಎರಡು ಬೆರಳು, ನಾಲ್ಕು ಬೆರಳು, ಒಂದು ಗೇಣು.

ಹುಲ್ಲುಗಾವಲು ಸಮಿತಿಯ ಪುಸ್ತಕ ನನ್ನ ವಶ.
ಕಡ್ಡಿ ಒಂದು ಗೇಣು ಸಲೀಸಾಗಿ ಇಳಿದ ದಿನ
ಮುಖ್ಯಸ್ಥರಿಗೆ ಹೇಳುತ್ತೇನೆ,
ಅವರು ಮೇಲಿನ ಗಾವಲನ್ನು ಬಿಚ್ಚುತ್ತಾರೆ.
ಅಲ್ಲಿಯವರೆಗೆ ಕಲ್ಲುಗುಪ್ಪೆಯ ಆಚೆ
ಯಾರ ಕುರಿಯೂ ಕಾಲಿಡುವಂತಿಲ್ಲ.

ಸೆಖೊಬೆ ದಿನಾ ಬರುತ್ತಾನೆ. ಹತ್ತೊಂಬತ್ತು ವರ್ಷ,
ಮೊಣಕಾಲುದ್ದದ ರಬ್ಬರ್ ಬೂಟು, ಹೆಗಲ ಮೇಲೆ ಕಂಬಳಿ,
ಬೆನ್ನ ಹಿಂದೆ ಬೇರೆಯವರ ಅರವತ್ತು ಕುರಿ.
"ಅವ್ವ ಮಾಖಾಬೆಲೆ, ಹಸಿರು ಕಾಣುತ್ತಿಲ್ಲವೇ?"
ಕಾಣುತ್ತದೆ ಮಗಾ. ಕೂರು. ಒಂದು ಬುಡ ಕಿತ್ತು ನೋಡು.
ಇದು ಈ ಮಳೆಯ ಎಸಳಲ್ಲ.
ಹೋದ ಮಾರ್ಚಿನಲ್ಲಿ ಬೇರು ಕಟ್ಟಿಟ್ಟುಕೊಂಡ ಬುತ್ತಿ,
ಮೊದಲ ಹನಿಯ ಮಾತು ನಂಬಿ
ಗಂಟು ಬಿಚ್ಚಿಬಿಟ್ಟಿದೆ.
ಈಗ ಒಂದು ಬಾಯಿ ಕಚ್ಚಿದರೂ
ಅಡಿಯಲ್ಲಿ ಹಸಿಯಿಲ್ಲದೆ ಮತ್ತೆ ಎಲ್ಲಿಂದ ತಂದೀತು?
ಬುಡ ಸತ್ತ ಕಡೆ ಸೆಹಾಲಹಾಲ ಬರುತ್ತದೆ,
ಕುರಿ ಮೂಸಿ ಬಿಡುವ ಕಹಿ ಪೊದೆ.

ಬೂಟಿನ ತುದಿಯಿಂದ ಕಲ್ಲು ಒದೆಯುತ್ತ ಅವನು ಕೇಳಿದ:
"ಹಸಿ ನಿನ್ನ ಕಡ್ಡಿಗೆ ಗೊತ್ತು.
ಹಸಿವು?"

ನನ್ನಲ್ಲಿ ಉತ್ತರ ಇರಲಿಲ್ಲ. ಟೀ ಇತ್ತು, ಕೊಟ್ಟೆ.

ನಮ್ಮ ಕಡೆ ಸೂರ್ಯ ಉತ್ತರಕ್ಕೆ ವಾಲಿ ನಡೆಯುತ್ತಾನೆ.
ಉತ್ತರದ ಇಳಿಜಾರು ಬೇಗ ಬೆಚ್ಚಗೆ, ಬೇಗ ಬರಿದು.
ದಕ್ಷಿಣದ್ದು ಆಗಸ್ಟಿನ ಹಿಮವನ್ನು
ಕಂಕುಳಲ್ಲಿ ಇಟ್ಟುಕೊಂಡೇ ಕೂತಿರುತ್ತದೆ,
ಮಣ್ಣು ಹಿಂಡುವಷ್ಟು ಒದ್ದೆ, ಆದರೂ ಚಳಿಗೆ
ಒಂದು ಎಸಳು ಏಳುವುದಿಲ್ಲ.
ಎರಡೂ ಕೂಡಿ ಹದ ಬರಲು ನವೆಂಬರ್ ಬೇಕು,
ಇನ್ನೆರಡು ನಿಧಾನದ ಮಳೆ ಬೇಕು.
ಇದನ್ನೂ ಅವನಿಗೆ ಹೇಳಿದೆ. ಲೋಟ ತೊಳೆದಿಟ್ಟು ಹೋದ.

ಅದೇ ರಾತ್ರಿ ಹತ್ತಿದ್ದಾನೆ.
ನಾಯಿ ಬೊಗಳಲಿಲ್ಲ. ನಾಯಿಯೂ ಅವನದೇ.

ನಡುರಾತ್ರಿ ಮಳೆ ಹೊಡೆದಿತ್ತು.
ಬೆಳಿಗ್ಗೆ ಗೊರಸಿನ ಜಾಡು ಹಿಡಿದು ನಡೆದೆ.
ಒಂದೊಂದು ಗುರುತಿನಲ್ಲೂ ಒಂದೊಂದು ಗುಟುಕು ನೀರು,
ಇಂಗದೆ ನಿಂತದ್ದು.
ತುಳಿಯದ ನೆಲಕ್ಕೆ ಕಡ್ಡಿ ಚುಚ್ಚಿದೆ: ನಾಲ್ಕು ಬೆರಳು.
ಗುರುತಿನೊಳಗೆ ಚುಚ್ಚಿದೆ: ಎರಡೂ ಇಲ್ಲ.
ಅಲ್ಲೇ ನಿಂತು ಪುಸ್ತಕ ತೆಗೆದೆ,
ಅವನ ಹೆಸರು ಬರೆದೆ.

ಜೌಗಿನ ಅಂಚಿಗೆ ಕೂತಿದ್ದ.
ಕುರಿಗಳನ್ನು ಬಂಡೆಯ ಮೇಲೆ ನಿಲ್ಲಿಸಿದ್ದ,
ಜೌಗಿಗೆ ಒಂದನ್ನೂ ಬಿಟ್ಟಿರಲಿಲ್ಲ.
ಬೈಯಲು ಬಾಯಿ ತೆರೆದೆ. ಅವನು ತನ್ನ ಕೋಲು ಕೊಟ್ಟ.
ಬುಡದಿಂದ ಮೇಲಕ್ಕೆ ಮೊಳೆಯಲ್ಲಿ ಗೀರಿದ ಗೆರೆಗಳು, ಆರು.

"ಆರು ವರ್ಷದಿಂದ ಇಲ್ಲೇ ಚುಚ್ಚುತ್ತೇನೆ, ಇದೇ ಕಾಲಕ್ಕೆ.
ನಾನು ಮೊದಲು ಬಂದಾಗ ಇಲ್ಲಿಯವರೆಗೆ ಇಳಿಯುತ್ತಿತ್ತು."
ಎದೆಯ ಮಟ್ಟದ ಗೆರೆಗೆ ಬೆರಳಿಟ್ಟ.
ಆಮೇಲೆ ಕೆಳಗೆ, ಇನ್ನೂ ಕೆಳಗೆ.
ಈ ವರ್ಷದ್ದು ಬೂಟಿನ ಅಂಚಿಗಿಂತ ಕೆಳಗಿತ್ತು.
"ನೀನು ಮೇಲಿನಿಂದ ಅಳೆಯುತ್ತೀಯ ಅವ್ವ.
ಇದು ಅಡಿಯಿಂದ ಖಾಲಿಯಾಗುತ್ತಿದೆ.
ನಾನು ಕಾದರೆ ಯಾವ ನವೆಂಬರಿಗೆ ಕಾಯಲಿ?"

ಜೌಗಿನಿಂದ ಒಂದು ಎಳೆ ನೀರು ಕಲ್ಲಿನ ಕೆಳಗೆ ನುಸುಳಿ
ಸೆಂಕು ನದಿಯ ಕಡೆಗೆ ಹೊರಟಿತ್ತು,
ದಾರದಷ್ಟು.

ಕುರಿ ಅವನದಲ್ಲ. ದಂಡ ಅವನದು.
ಬರೆದ ಹೆಸರನ್ನು ನಾನು ಹೊಡೆದು ಹಾಕಲಿಲ್ಲ,
ಹುಲ್ಲಿಗೆ ಕರುಣೆಯ ಭಾಷೆ ಬಾರದು.
ಆದರೆ ಅದರ ಕೆಳಗೆ, ಅದೇ ಪುಟದಲ್ಲಿ,
ಕೋಲಿನ ಆರೂ ಗೆರೆಗಳನ್ನು
ವರ್ಷ ಹಾಕಿ ಇಳಿಸಿಕೊಂಡೆ. ಅವನು ಕೋಲು ಹಿಡಿದಿದ್ದ,
ನಾನು ಗೇಣು ಹಾಕುತ್ತಿದ್ದೆ.

ಇಳಿಯುವಾಗ ಅವನು ಮುಂದೆ,
ಬಂಡೆಯಿಂದ ಬಂಡೆಗೆ ಕುರಿ ದಾಟಿಸುತ್ತ,
ಚಿಗುರಿನ ಕಡೆ ಕತ್ತು ಚಾಚಿದ್ದನ್ನು ಬೈಯುತ್ತ.
ನಾನು ಕಡ್ಡಿಯನ್ನು ಕಂಬಳಿಗೆ ಒರೆಸಲು ಹೋಗಿ
ತಡೆದು ನೋಡಿದೆ.
ಮೇಲೆ ನಾಲ್ಕು ಬೆರಳು ಕಪ್ಪು ಮಣ್ಣು ಮೆತ್ತಿತ್ತು.
ತುದಿಯಲ್ಲಿ ಬರೀ ಧೂಳು.