ಅರವತ್ತೇಳನೆಯ ಮೆಟ್ಟಿಲು

ನಮ್ಮದು ಮಲಗಿದ ಬೀದಿಯಲ್ಲ, ನಿಂತ ಬೀದಿ.
ವಾಲ್ಪರೈಸೊ ಬಂದರಿನ ಕ್ರೇನುಗಳ ನೆತ್ತಿ ಕಾಣುವಷ್ಟು ಎತ್ತರಕ್ಕೆ
ನೂರಾ ನಲವತ್ತೆರಡು ಮೆಟ್ಟಿಲು.
ಗ್ಯಾಸ್ ಸಿಲಿಂಡರು, ಹಿಟ್ಟಿನ ಚೀಲ, ಹೆತ್ತು ಬಂದ ಸೊಸೆ,
ಎಲ್ಲ ಹತ್ತಿಯೇ ಬರಬೇಕು.
ಇಳಿಯುವುದೇನು ಮಹಾ, ನೀರೂ ಇಳಿಯುತ್ತದೆ
ಅನ್ನುತ್ತಿದ್ದ ಒನೋಫ್ರೆ.

ಅವನನ್ನು ಇಳಿಸುವ ದಿನ ಗೊತ್ತಾಯಿತು.
ಜೂನ್ ತಿಂಗಳ ಚಳಿ, ಮೊಣಕಾಲ ತನಕ ಕಡಲ ಮಂಜು.
ಅರವತ್ತೇಳನೆಯದು ಇರಬೇಕಾದಲ್ಲಿ
ಹಲ್ಲು ಕಿತ್ತ ಒಸಡು.
ನಿಬಾಲ್ಡೊನ ಕಾಲು ಜಾರಿತು, ಪೆಟ್ಟಿಗೆ ಮುಂದೋಡಿತು,
ನಾಲ್ಕು ಮೆಟ್ಟಿಲು ಒನೋಫ್ರೆ ಒಬ್ಬನೇ ಇಳಿದ,
ಯಾರ ಹೆಗಲೂ ಇಲ್ಲದೆ.
ಬ್ರೆಡ್ಡಿನಂಗಡಿಯ ಯಾಸ್ನಾ ಎದೆಯೊಡ್ಡಿ ತಡೆದಳು.
ಆಗ ಯಾರೂ ಅಳಲಿಲ್ಲ.
ನಗು ಬಂದವರು ಸ್ಕಾರ್ಫು ಕಚ್ಚಿಕೊಂಡರು.

ಮರು ಭಾನುವಾರ ಅವನ ಹೆಂಡತಿ ಎಡುವಿಹೆಸ್,
ಎಪ್ಪತ್ತೊಂದು ವರ್ಷ, ಕರಿ ಉಡುಪು, ಗಂಡನ ಬೂಟು,
ಸುತ್ತಿಗೆ ಹಿಡಿದು ಅಲ್ಲೇ ಕೂತಳು.
ಟಣ್. ಟಣ್.
ಬೆಳಿಗ್ಗೆ ಏಳಕ್ಕೆ!
ಬೈಯಲು ಬಾಗಿಲು ತೆರೆದವರು ಬೈಯದೆ
ಒಳಗೆ ಹೋಗಿ ಗುದ್ದಲಿ ತಂದರು.
ನಾನೂ ಬೈಯಲೆಂದೇ ಹೋದದ್ದು.

ಪುರಸಭೆಯವರು ಅಳೆದುಕೊಂಡು ಹೋಗಿ ಆರು ವರ್ಷ.
ಅವರ ಸುಣ್ಣದ ಗೆರೆಗಳ ಮೇಲೆ
ಮಕ್ಕಳು ಕುಂಟೆಬಿಲ್ಲೆ ಆಡಿ ದೊಡ್ಡವರಾದರು.
ಈಗ ಲೆಕ್ಕ ನನ್ನ ಪುಸ್ತಕದಲ್ಲಿ:
ಸಿಮೆಂಟು ಒಂಬತ್ತು ಚೀಲ, ಎರಡು ಕಡ,
ಒಂದು ಎಲ್ಲಿಂದ ಬಂತೆಂದು ಕೇಳಬಾರದು.
ಮರಳಿನ ಲಾರಿ ಕೆಳರಸ್ತೆಯಲ್ಲೇ ಸುರಿದು ಹೋಯಿತು,
ಹತ್ತಿಸುವುದು ನಮ್ಮ ಪಾಡು.
ಬಕೆಟ್ಟು ಬಕೆಟ್ಟಾಗಿ, ಸಾಲು ನಿಂತು, ಕೈಯಿಂದ ಕೈಗೆ.

ಸಾಲಿನಲ್ಲಿ ಅದು ಹೇಗೋ
ಹೆರಾಲ್ಡಿನಾಳ ಪಕ್ಕಕ್ಕೆ ನಿಬಾಲ್ಡೊ ಬಂದ.
ನಡುವೆ ಹನ್ನೊಂದು ವರ್ಷದ ಮೌನ:
ಒಂದು ಗೋಡೆ, ಒಂದು ಬಟ್ಟೆಹಗ್ಗ, ಒಂದು ಮಾತು.
(ಆ ಮಾತು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.)
ಅವಳು ಬಕೆಟ್ಟನ್ನು ನೆಲಕ್ಕಿಟ್ಟು ಕಡಲು ನೋಡುವಳು,
ಅವನು ಬಗ್ಗಿ ಎತ್ತಿ ಬೆಟ್ಟ ನೋಡುವನು.
ಹೀಗೆ ಮೂವತ್ತು ಬಕೆಟ್ಟು.
"ಅಲ್ಲೇನು ಮೊಟ್ಟೆಗೆ ಕಾವು ಕೊಡುತ್ತಿದ್ದೀರಾ?"
ಮೇಲಿನಿಂದ ಕೂಗು.
ಅವಳ ಸೊಂಟಕ್ಕೆ ಅರವತ್ತು. ಅವನದಕ್ಕೂ.
ಮೂವತ್ತೊಂದನೆಯದನ್ನು ಅವಳು ನೆಲಕ್ಕಿಡಲಿಲ್ಲ.
ಒಂದೇ ಹಿಡಿಕೆಯ ಮೇಲೆ ಎರಡು ಕೈ, ಒಂದು ಗಳಿಗೆ,
ತುಸು ಮರಳು ಚೆಲ್ಲಿತು.

ಮಾತಾಡಿದರೆಂದು ತಿಳಿಯಬೇಡಿ.
ಇವತ್ತಿಗೂ ಇಲ್ಲ.
ಅವರ ಹಠ ಬಗ್ಗಿದ್ದಲ್ಲ,
ಸೊಂಟ ಬಗ್ಗಲೊಪ್ಪಲಿಲ್ಲ, ಅಷ್ಟೆ.

ಎಂಟು ಭಾನುವಾರ.
ಮಧ್ಯಾಹ್ನ ದೊಡ್ಡ ಪಾತ್ರೆಯಲ್ಲಿ ಬೀನ್ಸು, ಕುಂಬಳ, ಶಾವಿಗೆ.
ಉಪ್ಪು ಯಾರು ಹಾಕಿದ್ದೆಂದು ದಿನವೂ ಒಂದು ತನಿಖೆ.
ಬಣ್ಣದ ವಿಷಯಕ್ಕೆ ಇಡೀ ಸಂಜೆ ಜಗಳ:
ನೀಲಿ, ಹಳದಿ, ದಾಸವಾಳದ ಕೆಂಪು...
ಕೊನೆಗೆ ಹಡಗುಕಟ್ಟೆಯಿಂದ ಪುಕ್ಕಟೆ ಸಿಕ್ಕಿದ್ದು ಬೂದು.
ಬೂದೇ ಬಳಿದೆವು. ಚೆನ್ನಾಗಿಲ್ಲ.

ಅರವತ್ತೇಳನೆಯದನ್ನು ಕಡೆಗೆ ಹೊಯ್ದದ್ದು.
ಹಸಿ ಸಿಮೆಂಟಿನ ಮೇಲೆ, ಎಲ್ಲರೂ ನೋಡುತ್ತಿರುವಾಗಲೇ,
ಯಾರದೂ ಅಲ್ಲದ ನಾಯಿ ನಡೆದು ಹೋಯಿತು.
ಅಳಿಸಲು ಯಾಸ್ನಾ ಕರಣೆ ಎತ್ತಿದಳು.
ಎಡುವಿಹೆಸ್ ಕೈ ಅಡ್ಡ ಹಿಡಿದಳು:
"ಬಿಡು, ಅದೂ ದಿನಾ ಹತ್ತುವುದೇ ತಾನೇ?"

ಈಗ ರಾತ್ರಿ ಪಾಳಿ ಮುಗಿಸಿ ಹತ್ತಿ ಬರುತ್ತೇನೆ.
ದೀಪ ಇನ್ನೂ ಇಲ್ಲ, ಅದರ ಲೆಕ್ಕ ಬೇರೆ ಪುಟ.
ಕತ್ತಲಲ್ಲಿ ಎಣಿಸುತ್ತೇನೆ,
ಅರವತ್ತೈದು, ಅರವತ್ತಾರು,
ಕಾಲು ತಾನೇ ತಾನಾಗಿ ಅಗಲ ಹಾಕಿ
ಇಲ್ಲದ ಗುಂಡಿಯನ್ನು ದಾಟುತ್ತದೆ.
ಇಷ್ಟು ಪಾಡುಪಟ್ಟು ಕಟ್ಟಿದ ಆ ಒಂದು ಮೆಟ್ಟಿಲನ್ನು
ನಾನಿನ್ನೂ ತುಳಿದೇ ಇಲ್ಲ.