ಫಾಲ್

ಬೆಳಿಗ್ಗೆ ಏಳಕ್ಕೇ ಬಂದ ಪಾಲಿಕೆಯ ಹುಡುಗ, ಹಾಲಸ್ವಾಮಿ ಅಂತೆ,
ಕೆಂಪು ಬಣ್ಣದ ಡಬ್ಬಿ, ತುಕ್ಕು ಹಿಡಿದ ಟೇಪು.
ನಮ್ಮ ಮೂರು ಮೆಟ್ಟಿಲಲ್ಲಿ ಕೆಳಗಿನದರ ನಡುಮಧ್ಯೆ
ಒಂದು ಗೀರು ಎಳೆದು
‘ಇಷ್ಟು ಹೋಗುತ್ತೆ ಅಮ್ಮ’ ಅಂದ,
ಹಲ್ಲು ಕೀಳೋ ಡಾಕ್ಟರ ಥರ.

ನನ್ನ ಕೊರಳಲ್ಲೂ ಟೇಪಿತ್ತು.
ಇಪ್ಪತ್ತಾರು ವರ್ಷದಿಂದ ಇದೆ, ತಾಳಿಗಿಂತ ಹೆಚ್ಚು ಸವೆದದ್ದು.
ಕುಕ್ಕರುಗಾಲಲ್ಲಿ ಕೂತು ನಾನೂ ಅಳೆದೆ:
ಅವನದು ನಾಲ್ಕಡಿ, ನನ್ನದು ಮೂರಡಿ ಹತ್ತಿಂಚು.
‘ನಿಮ್ಮ ಟೇಪು ಜಗ್ಗಿದೆ’ ಅಂದ.
‘ನಿಂದು ಆಫೀಸಿನ ಟೇಪು, ಸುಳ್ಳು ಹೇಳಾಕ ಕಲ್ತೈತಿ’ ಅಂದೆ.

ನಿಟುವಳ್ಳಿ ಆಚೆಯ ಈ ಬಡಾವಣೆ ಕತ್ತರಿಸಿದವರು
ಒಳಗೆ ಬಟ್ಟೆಯನ್ನೇ ಬಿಟ್ಟಿರಲಿಲ್ಲ.
ಸೈಟಿಗೆ ಸೈಟು ಅಂಟಿಸಿ ಉಳಿದದ್ದು ರಸ್ತೆ;
ರಸ್ತೆಯಲ್ಲಿ ಉಳಿದದ್ದಕ್ಕೆ ನಾವು:
ರುದ್ರಮುನಿಯವರ ಕರಿಬೇವು, ಅದಕ್ಕೊಂದು ಮುಳ್ಳುತಂತಿ,
ಅಸ್ಗರ್ ಸಾಹೇಬರ ಕಾರು ಹತ್ತೋ ಇಳಿಜಾರು,
ಓಂಕಾರಮ್ಮನ ಬಟ್ಟೆ ಒಗೆಯೋ ಕಲ್ಲು,
ನನ್ನ ಮೆಟ್ಟಿಲು.
ಬ್ಲೌಸಿಗೆ ಕಾಯೋ ಹೆಂಗಸರು ಅಲ್ಲೇ ಕೂತು
ಮಂಡಕ್ಕಿ ಮೆಲ್ಲುತ್ತ
ಊರ ಸುದ್ದಿಗೆಲ್ಲ ಕಾಜಾ ಹಾಕುತ್ತಿದ್ದರು.

ಮಕ್ಕಳು ಶಾಲೆಗೆ ಹೋಗುತ್ತಿದ್ದದ್ದು ನಡುರಸ್ತೆಯಲ್ಲೇ.
ನೀರಿನ ಟ್ಯಾಂಕರು ಹಾರ್ನ್ ಹೊಡೆದರೆ
ಒಬ್ಬರ ಬೆನ್ನಿಗೊಬ್ಬರು ಅಂಟಿ ಚರಂಡಿಯ ಅಂಚಿಗೆ ನಿಲ್ಲುವರು.
ನೋಡಿದ್ದೆ.
ನೋಡುತ್ತಲೇ ಹೆಮ್ಮಿಂಗ್ ಮಾಡಿದ್ದೆ.

ಕೆಲಸ ನಿಲ್ಲಿಸಿ ಅಂತ ಅರ್ಜಿ ಬರೆದೆವು. ಹನ್ನೊಂದು ಸಹಿ.
ಮೊದಲನೆಯದು ನನ್ನದೇ: ಕೊಟ್ರಮ್ಮ, ಟೈಲರ್.

ಟೈಲ್ಸು ಜೋಡಿಸಲು ಬಂದವರು ಮಾನ್ವಿ ಕಡೆಯವರು.
ಗಂಡ ದಾರ ಕಟ್ಟಿ ಮಟ್ಟ ನೋಡುವನು,
ಹೆಂಡತಿ ದುರುಗವ್ವ ಹೊತ್ತು ತರುವಳು.
ದಿನಕ್ಕೆ ನಾಲ್ಕು ಮನೆ. ಬೂದು, ಕೆಂಪು, ಬೂದು.
ಐದನೇ ದಿನ ನಮ್ಮನೆ ಗೋಡೆಗೆ ಬಂದು ಮುಟ್ಟಿದರು.

ರೊಟ್ಟಿ ಬಿಚ್ಚೋ ಹೊತ್ತಿಗೆ ಅವಳು ಒಳಗೆ ಬಂದಳು,
ಕೆಳಗಿನ ಮೆಟ್ಟಿಲಿಗೆ ಕಾಲಿಡದೆ ದಾಟಿ,
ಅದು ಆಗಲೇ ಇಲ್ಲ ಅನ್ನೋ ಹಾಗೆ.
‘ಯಕ್ಕಾ, ತೋಳು ಹಿಡಿಯಾಕತ್ತೈತಿ. ಒಂಚೂರು ಬಿಡಸ್ತೀರೇನ್ರಿ?’
ದಸರೆಗೆ ಹೊಲಿಸಿದ ಕುಪ್ಪಸ.
ತಿರುವಿ ನೋಡಿದರೆ ಒಳಗೆ ಕಾಲಿಂಚೂ ಇಲ್ಲ.
ತೋಳು ಅಳೆದೆ. ಹದಿಮೂರೂವರೆ.
ಕೊಬ್ಬಲ್ಲ ಅದು; ಬೆರಳಿಟ್ಟರೆ ಕಲ್ಲು.
ನಮ್ಮ ಬೀದಿ ಅಷ್ಟೂ ಅಲ್ಲಿ ಸೇರಿಕೊಂಡಿತ್ತು.

ಬಗಲಿಗೆ ಚೌಕದ ತುಂಡು ಕೊಟ್ಟೆ,
ಆ ಹಸಿರಿಗೆ ಕೂಡದ ಇನ್ನೊಂದು ಹಸಿರು.
‘ಕೈ ಎತ್ತಿದ್ರೆ ಕಾಣ್ತೈತಿ ನೋಡು.’
‘ಕಂಡ್ರ ಕಾಣ್ಲಿ ಬಿಡ್ರಿ, ಎತ್ತಾಕ ಬಂದ್ರ ಸಾಕು.’
ದುಡ್ಡಿಗೆ ಸೆರಗಿನ ಗಂಟು ಬಿಚ್ಚಿದಳು; ಬೇಡವೆಂದೆ.
ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ:
‘ನಿಮ್ಮ ಮೆಟ್ಲ ಬಿಟ್ಟು ಸುತ್ತ ಹಾಕ್ಸಲೇನ್ರಿ?
ಸಾಹೇಬ್ರು ಸಂಜೀತನಕ ಬರಂಗಿಲ್ಲ.’

ಸೀರೆಗೆ ಫಾಲ್ ಹಚ್ಚುವಾಗ ನಡುವೆ ಗೇಣು ಬಿಟ್ಟರೆ
ಹಿಮ್ಮಡಿ ಸಿಕ್ಕಿಕೊಳ್ಳುವುದು ಅಲ್ಲೇ.
ಇದನ್ನು ಅವಳಿಗೆ ಹೇಳಲಿಲ್ಲ.
‘ಸುತ್ತಿಗೆ ಎಲ್ಲೈತಿ’ ಅಂದೆ.

ಈಗ ಎರಡೇ ಮೆಟ್ಟಿಲು, ಒಂದೊಂದೂ ಎತ್ತರ.
ಓಂಕಾರಮ್ಮ ಚೌಕಟ್ಟು ಹಿಡಿದು, ಶಿವಾ ಅಂದು, ಏರಿ ಬರುತ್ತಾಳೆ;
ನನ್ನ ಮಂಡಿಯೂ ಬೈಯುತ್ತದೆ, ಮಳೆಗಾಲದಲ್ಲಿ ಹೆಚ್ಚು.
ಅಸ್ಗರ್ ಸಾಹೇಬರ ಮುಂದೆ ಹಾದಿ ಒಂಟೆಬೆನ್ನಾಗಿ ಎದ್ದು ಇಳಿಯುತ್ತದೆ.
ರುದ್ರಮುನಿಯವರ ಕುಂಡಗಳು ಒಂದೊಂದಾಗಿ ಮರಳಿವೆ,
ಹಕ್ಕುಪತ್ರ ಇರುವವರ ಹಾಗೆ.

ಮಕ್ಕಳು ಮಾತ್ರ, ಕೆಂಪಿನ ಮೇಲೆ ಕಾಲಿಟ್ಟರೆ ಔಟು ಅಂತ
ಬೂದಿಯಿಂದ ಬೂದಿಗೆ ಹಾರುತ್ತ ಹೋಗುತ್ತಾರೆ.
ಟ್ಯಾಂಕರು ಹಾರ್ನ್ ಹೊಡೆಯುತ್ತದೆ.
ಯಾರೂ ತಿರುಗುವುದಿಲ್ಲ.

ದುರುಗವ್ವ ಉಳಿದ ಟೈಲೊಂದು ಕೊಟ್ಟು ಹೋಗಿದ್ದಳು.
ಮಶೀನಿನ ಕುಂಟುಕಾಲ ಕೆಳಗಿದೆ.

ಈಗಷ್ಟೇ ಯಾವನೋ ಬುಲೆಟ್ಟು ಹತ್ತಿಸಿ ನಿಲ್ಲಿಸಿದ,
ಸರಿಯಾಗಿ ನಮ್ಮ ಮೆಟ್ಟಿಲಿದ್ದ ಜಾಗದಲ್ಲೇ.
ಅರ್ಧ ಹೊಲಿದ ತೋಳನ್ನು ಸೂಜಿಯಡಿಗೇ ಬಿಟ್ಟು
ಕತ್ತರಿ ಕೈಯಲ್ಲಿದ್ದ ಹಾಗೇ
ಎದ್ದೆ.