ಅನುಭವ ಎಂಬ ಕಾಲಂ

ಅರ್ಜಿಯಲ್ಲಿ ಹೆಸರು ಬರೆದೆ, ಇಮ್ತಿಯಾಜ್.
ವಿಳಾಸ ಬರೆದೆ. ಬಿ.ಕಾಂ., ಶೇಕಡಾ ಐವತ್ತೊಂದು,
ಅದನ್ನೂ ಬರೆದೆ, ಸಣ್ಣ ಅಕ್ಷರದಲ್ಲಿ.
ಅನುಭವ ಎಂಬ ಕಾಲಂ ಹತ್ತಿರ
ಪೆನ್ನು ನಿಂತಿತು.

ಎರಡು ವರ್ಷ, ಸವಳಂಗ ರಸ್ತೆ,
ಟೈರ್ ಅಂಗಡಿಯ ಮೇಲಿನ ಮಹಡಿ.
ಒಬ್ಬೊಬ್ಬನ ಮುಂದೆ ಮೂರು ಮೂರು ಪರದೆ,
ಕೆಳಗಿಂದ ಏರುವ ರಬ್ಬರಿನ ವಾಸನೆ.
ಕಾಲೇಜಿನ ಬೆಲ್ಲು ಒಂಬತ್ತೂವರೆಗೆ,
ಮಾರುಕಟ್ಟೆ ಕಣ್ಣು ಬಿಡುವುದು ಒಂಬತ್ತೂಕಾಲಿಗೆ.
ಆ ಹದಿನೈದು ನಿಮಿಷದ ಸಂದಿಯಲ್ಲಿ
ನನ್ನ ಹಾಜರಿ ಜಾರಿ ಬಿತ್ತು.

ದುಡ್ಡು ಯಾರದೋ, ಬೆರಳು ನನ್ನದು.
ಕೊಂಡೆ, ಮಾರಿದೆ, ಮತ್ತೆ ಕೊಂಡೆ.
ಆ ಕಂಪನಿ ಮಾಡುವುದು ಸಿಮೆಂಟೋ ಔಷಧಿಯೋ
ಎಂದು ಯಾರಾದರೂ ಕೇಳಿದ್ದರೆ
ತಡವರಿಸುತ್ತಿದ್ದೆ. ಯಾರೂ ಕೇಳಲಿಲ್ಲ.
"ಹುಡುಗನಿಗೆ ಕೈ ಇದೆ" ಅಂದ ಮೇಲಿನವ, ವಿನ್ಸೆಂಟ್.
ಹತ್ತೊಂಬತ್ತರಲ್ಲಿ ಅಂಥ ಮಾತು
ಕಿವಿಗೆ ಬೀಳಬಾರದು.

ಮೊದಲ ತಿಂಗಳಿಗೆ ಅಮ್ಮಿಗೊಂದು ಫ್ರಿಜ್.
ಓಣಿಯ ಮಕ್ಕಳೆಲ್ಲ ಐಸ್ ಕೇಳಿಕೊಂಡು ಬಂದವು.
ಗೋಪಿ ಸರ್ಕಲ್ಲಿನಲ್ಲಿ ಗೆಳೆಯರಿಗೆಲ್ಲ
ಮಂಡಕ್ಕಿ ಮೆಣಸಿನಕಾಯಿ ನನ್ನ ಲೆಕ್ಕದಲ್ಲಿ.
ದಾಕ್ಷಾಯಿಣಿ ಮಾತ್ರ ಬರುತ್ತಿರಲಿಲ್ಲ,
ಸ್ಕೇಲ್ ಇಟ್ಟು ಗೆರೆ ಎಳೆದು
ಕಾಸ್ಟಿಂಗ್ ನೋಟ್ಸ್ ಬರೆಯುತ್ತಿದ್ದಳು,
ನಾವು ನಗುತ್ತಿದ್ದೆವು.

ಕಾಲೇಜಿಗೆ ಬ್ಯಾಂಕಿನವರು ಆರಿಸಲು ಬಂದ ದಿನ
ಗುರುವಾರ, ಎಕ್ಸ್‌ಪೈರಿ.
ಮೇಷ್ಟ್ರು ಮೂರು ಸಲ ಫೋನ್ ಮಾಡಿದರು.
ಎಣ್ಣೆ ಬಂದಾಗ ಕಣ್ಣು ಮುಚ್ಚಿದವನ ಹಾಗೆ
ಫೋನನ್ನು ಮಗುಚಿ ಮಲಗಿಸಿದೆ.
ಅವತ್ತು ನನಗೆ ಸಿಕ್ಕ ಲಾಭ
ಒಂಬೈನೂರ ಅರವತ್ತು.
ದಾಕ್ಷಾಯಿಣಿಗೆ ಸಾಗರದ ಶಾಖೆ.

ಆಮೇಲೊಂದು ಬೆಳಿಗ್ಗೆ ಮಹಡಿಗೆ ಬೀಗ.
ನಾವು ಮಾಡುತ್ತಿದ್ದುದನ್ನು ಇನ್ನು ಯಂತ್ರವೇ ಮಾಡುತ್ತದಂತೆ.
ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಲಾರಿ ಟೈರು.
ವಿನ್ಸೆಂಟ್ ವಿಮೆ ಮಾರುತ್ತಾನೆ,
ನನಗೂ ಒಂದು ಪಾಲಿಸಿ ತೋರಿಸಿದ.

ದುರ್ಗಿಗುಡಿಯ ಆಡಿಟ್ ಆಫೀಸು.
ಮೃದುಲಾ ಮೇಡಂ ಅರ್ಜಿ ಓದಿ ಕನ್ನಡಕ ತೆಗೆದರು.
"ದೊಡ್ಡ ನಷ್ಟ ಆದ ರಾತ್ರಿ ಏನು ಮಾಡಿದೆ?"
"ಊಟ ಮಾಡಿ ಮಲಗಿದೆ, ಮೇಡಂ."
ಅವರು ತಲೆದೂಗಿದ್ದು
ನನ್ನ ಪರವೋ ವಿರುದ್ಧವೋ
ಇವತ್ತಿಗೂ ತಿಳಿಯದು.
ಹಾಲಿನ ಸೊಸೈಟಿಯ ಲೆಡ್ಜರ್ ಮುಂದೆ ತಳ್ಳಿದರು.
"ಒಂದು ರೂಪಾಯಿ ನಲವತ್ತು ಪೈಸೆ ತಾಳೆ ಆಗ್ತಿಲ್ಲ. ಹುಡುಕು."

ರೆಪ್ಪೆ ಬಡಿಯುವಷ್ಟರಲ್ಲಿ
ನಲವತ್ತು ಸಾವಿರ ಕಳೆದವನು ನಾನು.
ಹನ್ನೊಂದು ದಿನದಿಂದ ವೋಚರು ಮಗುಚುತ್ತಿದ್ದೇನೆ.
ಸಗಣಿಯ ಕಲೆ, ಹೆಬ್ಬೆಟ್ಟಿನ ಗುರುತು,
ಯಾರೋ ಚಂದ್ರಮ್ಮ ಅರ್ಧ ಲೀಟರ್.
ಪಕ್ಕದ ಸಿಂಚನಾ, ನನಗಿಂತ ಮೂರು ವರ್ಷ ಚಿಕ್ಕವಳು,
ಕೆಂಪು ಪೆನ್ಸಿಲಿನಲ್ಲಿ ಟಿಕ್ ಹಾಕಲು ಕಲಿಸಿದಳು.
ಕೆಂಪು ಅಂದರೆ ಎದೆ ಧಸಕ್ಕೆನ್ನುತ್ತದೆ ಅಂದೆ.
"ಇಲ್ಲಿ ಕೆಂಪು ಅಂದ್ರೆ ನೋಡಿಯಾಯ್ತು ಅಂತ, ಅಷ್ಟೇ."

ಮೂರೂವರೆಗೆ ಈಗಲೂ
ಹೇಳದೆ ಕೇಳದೆ ಹೆಗಲು ಸಡಿಲಾಗುತ್ತದೆ,
ಆಫೀಸು ಬಿಡುವುದು ಏಳಕ್ಕೆ.
ನಿನ್ನೆ ಸಂಜೆ ಆ ಒಂದು ರೂಪಾಯಿ ಸಿಕ್ಕಿತು,
ಏಳನ್ನು ಯಾರೋ ಆರೆಂದು ಬರೆದಿದ್ದರು.
ನಲವತ್ತು ಪೈಸೆ
ಇನ್ನೂ ಬಾಕಿ.